‘ಕುರುಡ’ ಅನ್ನೋ ಪದವನ್ನು ಬಿಟ್ಟುಬಿಡಬೇಕಾ?

ಮನುಷ್ಯರನ್ನು ಕರೆಯುವಾಗ ‘ಕುರುಡ’, ‘ಕುರುಡಿ’ ಅನ್ನೋದನ್ನು ಕನ್ನಡದವರು ನಿಲ್ಲಿಸಬೇಕಾ? ಇಬ್ಬರು ಬರೆದಿದ್ದಾರೆ. ಒಬ್ಬರಿಗೆ ಮಂದದೃಷ್ಟಿ, ಆಫೀಸಿನಲ್ಲಿ ಗುಮಾಸ್ತೆ. ಇನ್ನೊಬ್ಬರು ಹುಟ್ಟಿನಿಂದಲೇ ಕಣ್ಣು ಕಾಣದವರು, ಸಂಗೀತದ ಮೇಷ್ಟ್ರು. ಮೇಷ್ಟ್ರು ಮೊದಲನೆಯವರ ಬರಹ ಕೇಳಿಸಿಕೊಂಡ ಮೇಲೆ ತಮ್ಮದನ್ನು ಬರೆದರು.

ಪರ: ಬಿಡಬೇಕು

ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಆರೂವರೆ ಆಗಿತ್ತು. ಆ ಹೊತ್ತು ನನಗೆ ತುಂಬ ಕಷ್ಟದ್ದು. ಟ್ಯೂಬ್‌ಲೈಟು ಇನ್ನೂ ಹತ್ತಿರಲ್ಲ, ಸೂರ್ಯ ಆಗಲೇ ಹೋಗಿರ್ತಾನೆ. ಎದುರಿಗೆ ಬಸ್ಸು ನಿಂತಿದೆ ಅಂತ ಗೊತ್ತಾಗುತ್ತೆ. ಯಾವ ಊರಿಗೆ ಅಂತ ಗೊತ್ತಾಗಲ್ಲ. ಪಕ್ಕದಲ್ಲಿ ನಿಂತಿದ್ದವರನ್ನು "ಅಣ್ಣಾ, ಇದು ಯಾವ ಕಡೆ ಬಸ್ಸು?" ಅಂತ ಕೇಳಿದೆ. "ಅಷ್ಟು ದೊಡ್ಡದಾಗಿ ಬೋರ್ಡ್ ಹಾಕಿದ್ದಾರಲ್ಲಮ್ಮಾ, ಕುರುಡೀನಾ?" ಅಂದರು. ಅವರಿಗೆ ನನ್ನ ಕಣ್ಣಿನ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಪಾಪ, ಅನ್ನುತ್ತಿರಲಿಲ್ಲ. ಈ ಪದದ ಬಳಕೆಯೇ ಹಾಗೆ. ಕಣ್ಣು ಕಾಣೋರನ್ನು ಬೈಯೋಕೆ ಅದು ಬೇಕು, ಕಣ್ಣು ಕಾಣದವರ ಎದುರು ಮಾತ್ರ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಎರಡೂ ಸುಳ್ಳಾಗುತ್ತಿತ್ತು.

ಬಸ್ಸು ಹತ್ತಿ ಅಂಗವಿಕಲರಿಗೆ ಅಂತ ಬರೆದಿದ್ದ ಸೀಟಿನಲ್ಲಿ ಕೂತೆ. ಮನೆಯಿಂದ ಮೆಸೇಜು ಬಂತು. ಫೋನಿನ ಅಕ್ಷರ ಹುಣಸೆಬೀಜದಷ್ಟು ದಪ್ಪ ಮಾಡಿಕೊಂಡಿದ್ದೇನೆ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತೇನೆ. ಎದುರು ನಿಂತಿದ್ದ ಹೆಂಗಸು ಎರಡು ಸ್ಟಾಪ್ ತನಕ ಸುಮ್ಮನಿದ್ದರು. ಆಮೇಲೆ ಶುರುಮಾಡಿದರು. "ಅಲ್ಲ ಕಣಮ್ಮಾ, ಕುರುಡರ ಸೀಟಲ್ಲಿ ಕೂತು ವಾಟ್ಸಾಪ್ ನೋಡ್ತಾ ಇದ್ದೀಯಲ್ಲ!" ಸುತ್ತಲಿದ್ದವರೂ ತಿರುಗಿ ನೋಡಿದರು ಅಂತ ಕಾಣುತ್ತೆ. ನನಗೆ ಕಾಣಿಸಲಿಲ್ಲ, ಆದರೆ ಮಾತು ನಿಂತಿದ್ದು ಕೇಳಿಸಿತು.

ಒಂದೇ ಸಂಜೆ ಅರ್ಧ ಗಂಟೆಯಲ್ಲಿ ಒಬ್ಬರಿಗೆ ನಾನು ಕುರುಡಿ, ಇನ್ನೊಬ್ಬರಿಗೆ ಕುರುಡಿ ಅಂತ ಸುಳ್ಳು ಹೇಳುವವಳು. ತಪ್ಪು ಆ ಇಬ್ಬರದು ಅಂತ ನಾನು ಹೇಳಲ್ಲ. ತಪ್ಪು ಪದದ್ದು. ಅದರೊಳಗೆ ಎರಡೇ ಕೋಣೆ ಇವೆ: ಪೂರ್ತಿ ಕಾಣುತ್ತೆ, ಪೂರ್ತಿ ಕಾಣಲ್ಲ. ನಾನು ಇರೋದು ಹೊಸಿಲ ಮೇಲೆ.

ನನ್ನ ಕಾಯಿಲೆಯ ಹೆಸರು ರೆಟಿನೈಟಿಸ್ ಪಿಗ್ಮೆಂಟೋಸಾ. ಕಣ್ಣಿನ ಹಿಂಭಾಗದ ಪರದೆಯ ಜೀವಕೋಶಗಳು ಅಂಚಿನಿಂದ ಒಂದೊಂದಾಗಿ ಸಾಯುತ್ತಾ ಬರುತ್ತವೆ. ಮೊದಲು ರಾತ್ರಿ ಕಾಣಲ್ಲ, ಆಮೇಲೆ ಪಕ್ಕದ್ದು ಕಾಣಲ್ಲ. ಕೊನೆಗೆ ನಡುವೆ ಒಂದು ಕೊಳವೆಯಷ್ಟು ಉಳಿಯುತ್ತೆ. ಹಾಗಾಗಿ ಪೇಪರಿನ ಹೆಡ್‌ಲೈನು ಓದಬಲ್ಲೆ, ಕಾಲಬುಡದ ಮಣೆ ಕಾಣದೆ ಎಡವುತ್ತೇನೆ. ಇದನ್ನು ನೋಡಿದವರಿಗೆ ನಾಟಕ ಅನ್ನಿಸೋದು ಸಹಜವೇ.

ಕಾನೂನು ಇದನ್ನು ಅಳತೆ ಹಿಡಿದು ಹೇಳುತ್ತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ, ಕನ್ನಡಕ ಹಾಕಿದ ಮೇಲೂ ಚೆನ್ನಾಗಿರುವ ಕಣ್ಣಿನ ನೋಟ 3/60ಕ್ಕಿಂತ ಕಮ್ಮಿ ಇದ್ದರೆ ಅಂಧತ್ವ. ಅಂದರೆ ಬೇರೆಯವರು 60 ಮೀಟರ್ ದೂರದಿಂದ ಗುರುತಿಸೋ ಅಕ್ಷರವನ್ನು ಇವರು 3 ಮೀಟರಿಗೆ ಬಂದರೂ ಗುರುತಿಸಲಾರರು. ನೋಟದ ಅಗಲ 10 ಡಿಗ್ರಿಗಿಂತ ಕಮ್ಮಿ ಇದ್ದರೂ ಅಂಧತ್ವವೇ. 6/18ರಿಂದ 3/60ರವರೆಗೆ, ಅಥವಾ ಅಗಲ 40ರಿಂದ 10 ಡಿಗ್ರಿ ಒಳಗಿದ್ದರೆ ಮಂದದೃಷ್ಟಿ. ತಮಾಷೆ ಏನು ಗೊತ್ತಾ? 1995ರ ಹಳೇ ಕಾಯ್ದೆಯಲ್ಲಿ ಅಂಧತ್ವದ ಗೆರೆ 6/60ರ ಹತ್ತಿರ ಇತ್ತು. ಹೊಸ ಕಾಯ್ದೆ 2017ರ ಏಪ್ರಿಲ್ 19ಕ್ಕೆ ಜಾರಿಗೆ ಬಂತು. ನಡುವೆ ಇದ್ದವರು ಹಿಂದಿನ ರಾತ್ರಿ ಅಂಧರಾಗಿ ಮಲಗಿ, ಬೆಳಗ್ಗೆ ಮಂದದೃಷ್ಟಿಯವರಾಗಿ ಎದ್ದರು. ಕಣ್ಣು ಅದೇ, ಗೋಡೆಯ ಮೇಲಿನ ಅಕ್ಷರವೂ ಅದೇ. ಇಷ್ಟು ಸೂಕ್ಷ್ಮದ ವಿಷಯವನ್ನು ಒಂದು ಬೈಗುಳದ ಪದದಲ್ಲಿ ತುರುಕೋದು ಹೇಗೆ?

ಕೆಲವರು ವಾದ ಮಾಡ್ತಾರೆ, ಕುರುಡ ಅನ್ನೋದು ಬೈಗುಳ ಅಲ್ಲ, ಶುದ್ಧ ಕನ್ನಡ ಪದ ಅಂತ. ಶುದ್ಧ ಕನ್ನಡವೇ ಇರಬಹುದು. ಆದರೆ ಅದು ಊರಿನಲ್ಲಿ ಯಾರ ಜೊತೆ ಓಡಾಡಿಕೊಂಡು ಬಂದಿದೆ ನೋಡಿ. ಕುಂಟ, ಕಿವುಡ, ಮೂಗ, ಹೆಳವ. ಈ ಗುಂಪಿನ ಪದ ಒಮ್ಮೆ ಅಂಟಿದರೆ ಮನುಷ್ಯನ ಸ್ವಂತ ಹೆಸರು ಹೋಗುತ್ತೆ. ನನ್ನ ಅಜ್ಜಿಯ ಊರಲ್ಲಿ ಒಬ್ಬರನ್ನು ‘ಕುಂಟಯ್ಯ’ ಅಂತಲೇ ನಾವು ಮಕ್ಕಳೆಲ್ಲ ಕರೆಯುತ್ತಿದ್ದೆವು, ಗೌರವದಿಂದಲೇ. ಅವರ ನಿಜವಾದ ಹೆಸರು ನನಗೆ ತಿಳಿದಿದ್ದು ಅವರ ತಿಥಿಯ ಕಾರ್ಡಿನಲ್ಲಿ.

ನುಡಿಗಟ್ಟುಗಳನ್ನು ನೋಡಿ. ಕುರುಡು ನಂಬಿಕೆ ಅಂದರೆ ಯೋಚನೆ ಮಾಡದ ನಂಬಿಕೆ. ಕುರುಡು ವ್ಯಾಮೋಹ ಅಂದರೆ ಬುದ್ಧಿ ಇಲ್ಲದ ವ್ಯಾಮೋಹ. ಪೇಪರಿನವರಿಗೆ ವಾರಕ್ಕೊಂದು ಸಲವಾದರೂ ‘ಅಧಿಕಾರಿಗಳ ಜಾಣ ಕುರುಡು’ ಬೇಕೇ ಬೇಕು. ಕಣ್ಣು ಕಾಣದೆ ಇರೋದಕ್ಕೂ ಬುದ್ಧಿ ಓಡದೆ ಇರೋದಕ್ಕೂ ಸಂಬಂಧವೇ ಇಲ್ಲ. ಆದರೆ ನಮ್ಮ ಭಾಷೆ ದಿನಾ ಬೆಳಗ್ಗೆ ಕಾಫಿ ಜೊತೆ ಆ ಸಂಬಂಧವನ್ನು ಕಟ್ಟಿಕೊಡುತ್ತೆ. ಸಂದರ್ಶನಕ್ಕೆ ಹೋದಾಗ ಮೇಜಿನ ಆಚೆ ಕೂತವರ ತಲೆಯಲ್ಲಿ ಇರೋದೂ ಇದೇ. ‘ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ’ ಅಂತ ಗಾದೆ ಬೇರೆ.

ಬೇಂದ್ರೆಯವರ ‘ಕುರುಡು ಕಾಂಚಾಣ’ವನ್ನು ತಿದ್ದಿ ಅಂತ ನಾನು ಕೇಳುತ್ತಿಲ್ಲ. ಇರುಳುಗುರುಡು ಅನ್ನೋ ಪದವನ್ನೂ ಬಿಡಬೇಕಿಲ್ಲ. ಅದು ತೊಂದರೆಯ ಹೆಸರು, ಮನುಷ್ಯರದ್ದಲ್ಲ. ನಾನು ಕೇಳೋದು ಇಷ್ಟೇ. ಉಸಿರಾಡೋ ಮನುಷ್ಯರಿಗೆ ಅದನ್ನು ಹೆಸರಾಗಿ ಅಂಟಿಸಬೇಡಿ. ಪದ ಬದಲಾದರೆ ಏನೂ ಬದಲಾಗಲ್ಲ ಅನ್ನೋರಿಗೆ ಬೆಂಗಳೂರಿನದೇ ಉದಾಹರಣೆ ಕೊಡ್ತೀನಿ. ಒಂದು ಕಾಲದಲ್ಲಿ ಜನ ‘ಹುಚ್ಚಾಸ್ಪತ್ರೆ’ ಅಂತಿದ್ದರು. ಆ ಗೇಟಿನೊಳಗೆ ಕಾಲಿಟ್ಟವರನ್ನು ಊರು ಬೇರೆ ಥರ ನೋಡುತ್ತಿತ್ತು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಇವತ್ತು ತಲೆನೋವಿಗೆ, ಮೂರ್ಛೆರೋಗಕ್ಕೆ, ನಿದ್ದೆ ಬರದಿದ್ದಕ್ಕೆ "ನಿಮ್ಹಾನ್ಸ್‌ಗೆ ತೋರಿಸ್ಕೊಂಡು ಬಂದೆ" ಅಂತ ಜನ ಎದುರಾಎದುರೇ ಹೇಳ್ತಾರೆ. ಡಾಕ್ಟರುಗಳ ಕೆಲಸವೇ ದೊಡ್ಡದು, ಒಪ್ಪೋಣ. ಆದರೆ ಆ ಹಳೇ ಹೆಸರೇ ಉಳಿದಿದ್ದರೆ ಅಷ್ಟು ಜನ ಬರುತ್ತಿದ್ದರಾ?

ಸುಪ್ರೀಂ ಕೋರ್ಟೂ ಇದನ್ನು ಸುಮ್ನೆ ಬಿಟ್ಟಿಲ್ಲ. ಸಿನಿಮಾಗಳಲ್ಲಿ ಅಂಗವಿಕಲರನ್ನು ತೋರಿಸೋ ಬಗ್ಗೆ 2024ರ ಜುಲೈ 8ರಂದು ಕೊಟ್ಟ ತೀರ್ಪಿನಲ್ಲಿ, ಪದಗಳೇ ತಾರತಮ್ಯಕ್ಕೆ ದಾರಿ ಮಾಡುತ್ತವೆ ಅಂತ ಹೇಳಿದೆ.

ಹಾಗಾದರೆ ಏನನ್ನಬೇಕು? ಇಲ್ಲಿ ನನಗೂ ಸ್ವಲ್ಪ ತೊಡಕಿದೆ. ಆಸ್ಪತ್ರೆಯ ಚೀಟಿಯಲ್ಲಿ ‘ದೃಷ್ಟಿದೋಷ’ ಅಂತ ಬರೆದಿದ್ದನ್ನು ನನ್ನ ತಮ್ಮ ಜೋರಾಗಿ ಓದಿದ್ದ. ಅಜ್ಜಿ ಅಷ್ಟೇ ಸಾಕು ಅಂತ ಒಳಗೆ ಹೋಗಿ ಒಣಮೆಣಸಿನಕಾಯಿ, ಉಪ್ಪು ತಂದು ಮೂರು ಸಲ ನಿವಾಳಿಸಿ ಒಲೆಗೆ ಹಾಕಿದರು. "ಘಾಟೇ ಬರಲಿಲ್ಲ ನೋಡು, ಎಷ್ಟು ಜನರ ದೃಷ್ಟಿ ತಾಗಿತ್ತೋ!" ಅಂದರು. ಆದ್ದರಿಂದ ದೃಷ್ಟಿದೋಷ ಬೇಡ. ‘ದೃಷ್ಟಿ ವಿಕಲಚೇತನ’ ಬಾಯಿಗೆ ಹತ್ತಲ್ಲ. ನನ್ನ ಮಟ್ಟಿಗೆ ‘ಕಣ್ಣು ಕಾಣದವರು’, ‘ಮಂದದೃಷ್ಟಿಯವರು’ ಇವೆರಡು ಸಾಕು. ಸರಳ ಕನ್ನಡ. ಎರಡಕ್ಕೂ ಕೊನೆಯಲ್ಲಿ ‘ಅವರು’ ಇದೆ. ‘ಕುರುಡರು’ ಅಂತಲೂ ಅನ್ನಬಹುದಲ್ಲ ಅನ್ನಬೇಡಿ. "ಕುರುಡರು ಬಂದಿದ್ದಾರೆ, ಕುರ್ಚಿ ಹಾಕು" ಅಂತ ಯಾರಾದರೂ ಹೇಳಿದ್ದನ್ನು ನೀವು ಕೇಳಿದ್ದೀರಾ?

ಕೊನೆಗೆ ಅಮ್ಮನ ವಿಷಯ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಟೀಚರ್ ಒಬ್ಬರು ಮನೆಗೆ ಬಂದು, ಸರ್ಟಿಫಿಕೇಟು ಮಾಡಿಸಿ ಅಂದರು. ಮಾಡಿಸಿದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಗುತ್ತೆ, ಬರೆಯೋಕೆ ಒಬ್ಬರು ಸಿಗುತ್ತಾರೆ. ಅಮ್ಮ ಕಾಫಿ ಕೊಟ್ಟು ನಗುನಗುತ್ತಲೇ ಕಳಿಸಿದರು. ಬಾಗಿಲು ಹಾಕಿಕೊಂಡ ಮೇಲೆ, "ನನ್ನ ಮಗಳ ಹೆಸರಿನ ಪಕ್ಕ ಕುರುಡಿ ಅಂತ ಬರೆಸಿಕೊಂಡು ಬರ್ಲಾ? ನಾಳೆ ಇವಳನ್ನ ಯಾರು ಕೈ ಹಿಡೀತಾರೆ?" ಅಂತ ಅಪ್ಪನ ಮೇಲೆ ರೇಗಿದರು. ಸರ್ಟಿಫಿಕೇಟಿನಲ್ಲಿ ಆ ಪದ ಇರೋದೇ ಇಲ್ಲ. ಅಮ್ಮನ ಕಿವಿಯಲ್ಲಿ ಇತ್ತು. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ನನಗೆ 38 ಬಂತು. ಪ್ರಶ್ನೆಪತ್ರಿಕೆಯ ಕೊನೆಯ ಪುಟವನ್ನು ನಾನು ಓದಿರಲೇ ಇಲ್ಲ.

ವಿರೋಧ: ಬಿಡಬೇಕಿಲ್ಲ

ಮೇಲಿನ ಬರಹವನ್ನು ನನ್ನ ಫೋನು ಓದಿ ಹೇಳಿತು. ನಾನು ವೇಗ ಜಾಸ್ತಿ ಇಟ್ಟುಕೊಂಡಿರುತ್ತೇನೆ. ಪಕ್ಕದಲ್ಲಿರೋರಿಗೆ ಅದು ಮಿಕ್ಸಿ ತಿರುಗಿದ ಹಾಗೆ ಕೇಳಿಸುತ್ತದಂತೆ. ಕೊನೆಯ ಪ್ಯಾರಾಕ್ಕೆ ಬಂದಾಗ ಮಾತ್ರ ನಿಲ್ಲಿಸಿ, ವೇಗ ಇಳಿಸಿ, ಮತ್ತೆ ಕೇಳಿದೆ. ಆ 38 ಅಂಕ ನನಗೂ ಸಂಕಟ ಮಾಡಿತು. ಆದರೂ ಅಕ್ಕಾವರೇ, ನಿಮ್ಮ ಮಾತು ನಾನು ಒಪ್ಪಲ್ಲ.

ಮೊದಲು ಬಸ್ ಸ್ಟ್ಯಾಂಡಿಗೇ ಬರೋಣ. ಅಲ್ಲಿ ಆತ ‘ಕುರುಡೀನಾ’ ಅಂದ, ತಪ್ಪೇ. ಆದರೆ ಅದೇ ಬಸ್ ಸ್ಟ್ಯಾಂಡಿನಲ್ಲಿ ದಿನಕ್ಕೆ ನೂರು ಸಲ ಕೇಳಿಸೋ ಬೈಗುಳ ಯಾವುದು? "ಕಣ್ಣು ಕಾಣಲ್ವೇನೋ?" ಅಡ್ಡ ಬಂದ ಸ್ಕೂಟರಿನವನಿಗೆ ಡ್ರೈವರ್ ಕೂಗೋದು ಅದನ್ನೇ. ನೀವು ಗೌರವದ ಪದ ಅಂತ ಆರಿಸಿಕೊಂಡ ‘ಕಣ್ಣು ಕಾಣದವರು’ ಅಲ್ಲಿಂದಲೇ ಎದ್ದು ಬಂದಿದೆ. ಕುರುಡವನ್ನು ಮನೆಯಿಂದ ಆಚೆ ಹಾಕಿ ನೋಡಿ. ಬೈಯೋರು ಅದರ ಜಾಗದಲ್ಲಿ ಇದನ್ನು ಕೂರಿಸುತ್ತಾರೆ.

ಸುಮ್ನೆ ಹೇಳುತ್ತಿಲ್ಲ. ನಾನು ಶಾಲೆಗೆ ಸೇರಿದಾಗ ಕಾಗದದಲ್ಲಿ ಅಂಗವಿಕಲ. ಆಮೇಲೆ ವಿಕಲಚೇತನ. ನಡುವೆ ಕೆಲವರು ವಿಶೇಷಚೇತನ ಅಂದರು. 2015ರ ಡಿಸೆಂಬರ್ 27ರಂದು ಪ್ರಧಾನಿಗಳು ರೇಡಿಯೋದಲ್ಲಿ ದಿವ್ಯಾಂಗ ಅನ್ನಿ ಅಂದರು, ಅದೂ ಬಂತು. ಒಂದೇ ಜನ್ಮದಲ್ಲಿ ನಾಲ್ಕು ನಾಮಕರಣ! ಒಮ್ಮೆ ಒಂದು ಕಚೇರಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ಒಳಗಿನಿಂದ ಕೂಗು ಬಂತು, "ಏಯ್ ವಿಕಲಚೇತನ, ಈ ಕಡೆ ಬಾ." ಪದ ಸರ್ಕಾರದ್ದು, ಗೌರವದ್ದು. ‘ಬಾ’ ಮಾತ್ರ ಅವನ ಸ್ವಂತದ್ದು. ಕನ್ನಡದಲ್ಲಿ ಮರ್ಯಾದೆ ಇರೋದು ನಾಮಪದದಲ್ಲಿ ಅಲ್ಲ, ಕ್ರಿಯಾಪದದ ಬಾಲದಲ್ಲಿ. ‘ಬಾ’ ಹೋಗಿ ‘ಬನ್ನಿ’ ಆಗಲಿ ಸಾಕು, ಅದರ ಮುಂದೆ ಏನಾದರೂ ಇಟ್ಟುಕೊಳ್ಳಿ.

ಇನ್ನು ಆ ಪದಗಳನ್ನೇ ಒಂದು ಸಲ ಬಿಡಿಸಿ ನೋಡೋಣ. ಅಂಗವಿಕಲ ಅಂದರೆ ಅಂಗ ಊನ ಆಗಿದೆ. ಸರಿ, ಆಗಿದೆ. ವಿಕಲಚೇತನ ಅಂದರೆ? ಚೇತನವೇ ಊನ! ಚೇತನ ಅಂದರೆ ಜೀವ, ಅರಿವು. ಕಣ್ಣಿಗೆ ಇದ್ದ ದೋಷವನ್ನು ಎತ್ತಿ ಜೀವಕ್ಕೆ ಹಚ್ಚಿದ್ದಾರೆ, ಅದನ್ನು ಗೌರವ ಅಂತ ಬೇರೆ ಕರೆದಿದ್ದಾರೆ. ಕುರುಡ ಅನ್ನೋ ಪದಕ್ಕೆ ಅಷ್ಟು ಧೈರ್ಯ ಯಾವತ್ತೂ ಬಂದಿರಲಿಲ್ಲ. ದಿವ್ಯಾಂಗ ಇನ್ನೂ ಮಜಾ. ಯಾವ ಅಂಗ ದಿವ್ಯ? ನನ್ನ ಕಣ್ಣಾ? ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿ 2019ರಲ್ಲಿ ಭಾರತದ ಬಗ್ಗೆ ಬರೆದಾಗ, ಈ ಪದಕ್ಕೂ ಆಕ್ಷೇಪ ಎತ್ತಿತ್ತು. ದೇವರ ಪಟ್ಟ ಕಟ್ಟಿಸಿಕೊಂಡವನು ರ‍್ಯಾಂಪು ಕೇಳೋಕೆ ಆಗುತ್ತಾ? ದೇವರು ಮೆಟ್ಟಿಲು ಹತ್ತಬಲ್ಲ.

‘ಅಂಧ’ದ ಕಥೆ ಬೇರೆ. ಅಂಧರ ಶಾಲೆ, ಅಂಧರ ಸಂಘ, ಅಂಧ ಮಕ್ಕಳು. ಮೈಸೂರಿನಲ್ಲಿ ಕಣ್ಣು ಕಾಣದ, ಕಿವಿ ಕೇಳದ ಮಕ್ಕಳಿಗೆ 1901ರಲ್ಲೇ ಶಾಲೆ ಶುರುವಾಯಿತು. ಇಂಥ ಶಾಲೆಗಳ ಬೋರ್ಡಿನ ಮೇಲೆ ಇವತ್ತಿಗೂ ಇರೋದು ಅಂಧ. ಯಾರಿಗೂ ಬೇಜಾರಿಲ್ಲ. ಅಂಧ ಅಂದರೂ ಕುರುಡ ಅಂದರೂ ಅರ್ಥ ಒಂದೇ ಅಲ್ವಾ? ಒಂದು ಸಂಸ್ಕೃತ, ಒಂದು ಕನ್ನಡ. ತಮಿಳರಿಗೂ ಮಲಯಾಳಿಗಳಿಗೂ ಇದೇ ಬೇರಿನ ‘ಕುರುಡು’ ಇದೆ. ನಮ್ಮಲ್ಲಿ ಒಂದು ಹಳೇ ಚಾಳಿ. ಯಾವುದೇ ವಸ್ತುವಿಗೆ ಸಂಸ್ಕೃತದ ಹೆಸರು ಬಂದ ದಿನವೇ ಕನ್ನಡದ ಹೆಸರು ಹಿತ್ತಲಿಗೆ ಹೋಗುತ್ತೆ. ಅನ್ನ ಬಂದ ಮೇಲೆ ಕೂಳು ಬೈಗುಳ ಆಯಿತು. ಕೂಳು ಅಂದರೆ ಹಳಗನ್ನಡದಲ್ಲಿ ಊಟವೇ. ಶವ ಬಂದ ಮೇಲೆ ಹೆಣ ಕೆಟ್ಟಿತು, ಈಗ ಶವವೂ ಸಾಲದೆ ಪಾರ್ಥಿವ ಶರೀರ. ಗರ್ಭಿಣಿ ಇದ್ದಾಗ ಬಸುರಿ ಅನ್ನೋಕೆ ಪೇಟೆಯವರಿಗೆ ನಾಚಿಕೆ. ಕುರುಡ ಕೆಟ್ಟಿದ್ದು ಕಣ್ಣಿನಿಂದ ಅಲ್ಲ, ಈ ಚಾಳಿಯಿಂದ.

ನನಗೆ ಅಂಧದ ಮೇಲೆ ಇನ್ನೊಂದು ಸಣ್ಣ ತಕರಾರಿದೆ. ಅದರೊಳಗೆ ಕತ್ತಲೆ ಕೂತಿದೆ. ಅಂಧಕಾರ ಅನ್ನಲ್ವಾ? ಭಾಷಣಕ್ಕೆ ಬಂದವರೆಲ್ಲ "ಇವರ ಕತ್ತಲೆಯ ಬದುಕಿಗೆ ಬೆಳಕಾಗೋಣ" ಅಂತಲೇ ಶುರುಮಾಡೋದು. ಸ್ವಾಮಿ, ಹುಟ್ಟಿನಿಂದ ಬೆಳಕು ನೋಡದ ನನಗೆ ಕತ್ತಲೆಯೂ ಗೊತ್ತಿಲ್ಲ. ನಿಮ್ಮ ಮೊಣಕೈಗೆ ಏನು ಕಾಣುತ್ತೆ? ಕತ್ತಲೆ ಕಾಣುತ್ತಾ? ಹಾಗೇ ಇದು. ಕುರುಡ ಅನ್ನೋ ಪದದಲ್ಲಿ ಕತ್ತಲೆಯೂ ಇಲ್ಲ, ದೇವರೂ ಇಲ್ಲ, ಊನವಾದ ಜೀವವೂ ಇಲ್ಲ.

ಅದಕ್ಕೇ ಹಾಸ್ಟೆಲಿನಲ್ಲಿ ನಮಗೆ ನಮ್ಮ ನಮ್ಮಲ್ಲಿ ಅದೇ ಪದ ಸಲೀಸಾಗಿತ್ತು. ಬೆಳಗ್ಗೆ ಬಕೆಟ್ಟಿನ ಸಾಲಿನಲ್ಲಿ ಒಬ್ಬ ಇನ್ನೊಬ್ಬನ ಚಪ್ಪಲಿ ಹಾಕ್ಕೊಂಡು ಹೋಗಿರುತ್ತಿದ್ದ. "ಏ ಕುರುಡಾ, ನಂದು ಪ್ಯಾರಗಾನು, ನಿಂದು ಚರ್ಮದ್ದು, ಕಾಲಿಗೂ ಕಣ್ಣಿಲ್ಲೇನು?" ಅಂತ ಕೂಗು. ಇಡೀ ಸಾಲು ನಗುತ್ತಿತ್ತು. ಹೊರಗಿನಿಂದ ಬಂದ ದಾನಿಗಳು ಇದನ್ನು ಕೇಳಿ ಗಾಬರಿಯಾಗುತ್ತಿದ್ದರು. ವಾರ್ಡನ್ನರು ನಮಗೆ ಹಾಗನ್ನಬಾರದು ಅಂತ ಬೈದರು. ನಮ್ಮ ನಮ್ಮ ಮಾತಿಗೂ ಬೇರೆಯವರ ಒಪ್ಪಿಗೆ ಬೇಕು ಅಂತ ಅವತ್ತು ಗೊತ್ತಾಯಿತು.

ಇದು ನಮ್ಮ ಹಟ ಮಾತ್ರ ಅಲ್ಲ. ಅಮೆರಿಕದಲ್ಲಿ ಕುರುಡರದೇ ದೊಡ್ಡ ಸಂಘಟನೆ ನ್ಯಾಷನಲ್ ಫೆಡರೇಷನ್ ಆಫ್ ದಿ ಬ್ಲೈಂಡ್. ಅವರು 1993ರಲ್ಲಿ ನಿರ್ಣಯವನ್ನೇ ಮಾಡಿದರು: ಬ್ಲೈಂಡ್ ಅನ್ನೋ ಪದ ಮರ್ಯಾದೆಯದ್ದೇ, ಸುತ್ತಿ ಬಳಸಿ ಹೇಳೋ ಪದಗಳು ನಮಗೆ ಬೇಡ ಅಂತ. ಸುತ್ತಿ ಬಳಸಿ ಹೇಳೋರು ಇದೇನೋ ನಾಚಿಕೆಯ ವಿಷಯ ಅಂತ ಮೊದಲೇ ಒಪ್ಪಿಕೊಂಡಿರುತ್ತಾರೆ.

ಕ್ರಿಕೆಟ್ಟು ನೋಡಿ. ಅಂಧರ ಕ್ರಿಕೆಟ್ ಅಂತಲೇ ಅದರ ಹೆಸರು. ಪ್ಲಾಸ್ಟಿಕ್ ಚೆಂಡು, ಒಳಗೆ ಗುಂಡುಗಳು ಗಲಗಲ ಅನ್ನುತ್ತವೆ, ಕೈ ಕೆಳಗಿನಿಂದ ಉರುಳಿಸಿ ಹಾಕಬೇಕು. ಆಟಗಾರರನ್ನು ಬಿ1, ಬಿ2, ಬಿ3 ಅಂತ ಮೂರು ಪಂಗಡ ಮಾಡುತ್ತಾರೆ. ಬಿ1 ಅಂದರೆ ಪೂರ್ತಿ ಕುರುಡು. ಹನ್ನೊಂದರಲ್ಲಿ ನಾಲ್ಕು ಜನ ಬಿ1 ಇರಲೇಬೇಕು. ಅವರು ಹೊಡೆದ ರನ್ನು ಎರಡರಷ್ಟು ಲೆಕ್ಕ. ಒಂದು ಓಡಿದರೆ ಎರಡು, ಬೌಂಡರಿಗೆ ಎಂಟು. ಯಾರಿಗೆ ಎಷ್ಟು ಕಾಣುತ್ತೆ ಅಂತ ಮೈದಾನದಲ್ಲಿ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ, ಅದಕ್ಕೇ ಆಟ ನ್ಯಾಯವಾಗಿ ನಡೆಯುತ್ತೆ. 2025ರ ನವೆಂಬರಿನಲ್ಲಿ ಕೊಲಂಬೋದಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ಪನ್ನು ಭಾರತ ಗೆದ್ದಾಗ ನಾಯಕಿ ನಮ್ಮ ಕರ್ನಾಟಕದ ಪರ ಆಡೋ ದೀಪಿಕಾ ಟಿ.ಸಿ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಪದದ ಬಗ್ಗೆ ಜಗಳ ಆಡಲಿಲ್ಲ.

ಅಕ್ಕಾವರ ಒಂದು ಮಾತು ಪೂರ್ತಿ ಒಪ್ಪುತ್ತೇನೆ. ಮಂದದೃಷ್ಟಿಯವರನ್ನು ಕುರುಡರು ಅನ್ನೋದು ತಪ್ಪು. ಅವರಿಗೆ ಬೇರೆ ಪದ ಬೇಕು, ಬೇಕೇ ಬೇಕು. ಆದರೆ ಹೊಸ ಪದಗಳು ಮಾಡಿರೋದು ಅದರ ಉಲ್ಟಾ. ‘ದೃಷ್ಟಿ ವಿಕಲಚೇತನ’ ಅನ್ನೋ ಒಂದೇ ಕೊಡೆ ಕೆಳಗೆ ಇಬ್ಬರನ್ನೂ ನಿಲ್ಲಿಸಿದ್ದಾರೆ. ಮಳೆ ಬಂದಾಗ ನೆನೆಯೋದು ಯಾರು? ಕೇಂದ್ರದ ಕೆಲಸಗಳಲ್ಲಿ ಅಂಗವಿಕಲರಿಗೆ 4 ಶೇಕಡಾ ಮೀಸಲು, ಅದರಲ್ಲಿ 1 ಶೇಕಡಾ ಕುರುಡರಿಗೂ ಮಂದದೃಷ್ಟಿಯವರಿಗೂ ಸೇರಿಸಿ. ಫೈಲು ಓದಬಲ್ಲವರೊಬ್ಬರು, ಕೋಲು ಹಿಡಿದವರೊಬ್ಬರು ಬಾಗಿಲಲ್ಲಿ ನಿಂತರೆ ಆಫೀಸಿನವರು ಯಾರನ್ನು ಒಳಗೆ ಕರೆಯುತ್ತಾರೆ ಅಂತ ಬಾಯಿಬಿಟ್ಟು ಹೇಳಬೇಕೇ? ರೈಲ್ವೆಯವರದು ಇನ್ನೊಂದು ಥರ. 2018ರಲ್ಲಿ ರಿಯಾಯಿತಿ ಅರ್ಜಿಯಿಂದ ಬ್ಲೈಂಡ್ ತೆಗೆದು ವಿಷುಯಲಿ ಇಂಪೇರ್ಡ್ ಅಂತ ಮಾಡಿದರು. ರಿಯಾಯಿತಿ ಮಾತ್ರ ಹಿಂದೆ ಇದ್ದ ಹಾಗೇ, ಪೂರ್ತಿ ಕಾಣದವರಿಗೆ ಮಾತ್ರ. ಹೆಸರು ಅಗಲ ಆಯಿತು, ಟಿಕೆಟ್ಟು ಅಗಲ ಆಗಲಿಲ್ಲ. ಮಂದದೃಷ್ಟಿಯವರು ಹೊಸ ಹೆಸರು ನಂಬಿ ಕೌಂಟರಿಗೆ ಹೋದರೆ ವಾಪಸ್ ಬರಬೇಕಷ್ಟೇ.

ನನಗೆ ದಿನದ ಬಳಕೆಗೆ ಬೇಕಾಗಿರೋದು ಥಟ್ಟಂತ ಅರ್ಥ ಆಗೋ ಪದ. ರಸ್ತೆ ದಾಟುವಾಗ "ನನಗೆ ದೃಷ್ಟಿ ಸಮಸ್ಯೆ ಇದೆ" ಅಂದರೆ ಎದುರಿನವರು ಕನ್ನಡಕ ಎಲ್ಲಿ ಸಾರ್ ಅಂತ ಕೇಳ್ತಾರೆ. "ನಾನು ಕುರುಡ, ಸ್ವಲ್ಪ ದಾಟಿಸ್ತೀರಾ" ಅಂದರೆ ಕೈ ಮುಂದೆ ಬರುತ್ತೆ. ಎರಡು ಸೆಕೆಂಡಿನ ಕೆಲಸ.

ಗದುಗಿನ ಪುಟ್ಟರಾಜ ಗವಾಯಿಗಳ ಹೆಸರು ಎತ್ತದೆ ಈ ಮಾತು ಮುಗಿಯಲ್ಲ, ನಮ್ಮ ಕಡೆಯವನಿಗಂತೂ ಆಗಲ್ಲ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್ 17ಕ್ಕೆ ತೀರಿಕೊಂಡರು. ಜನ ಅವರನ್ನು ದೃಷ್ಟಿ ವಿಕಲಚೇತನ ಸಂಗೀತಗಾರರು ಅನ್ನಲಿಲ್ಲ. ಪುಟ್ಟಯ್ಯಜ್ಜ ಅಂದರು. ಪಂಡಿತರಿಗೆ ಗವಾಯಿಗಳು. ಒಬ್ಬ ಮನುಷ್ಯನನ್ನು ಚೆನ್ನಾಗಿ ಬಲ್ಲವರಿಗೆ ಈ ಎಲ್ಲ ಪದಗಳೂ ಬೇಕಾಗಲ್ಲ. ಅರಿಯದವರಿಗೆ ಯಾವ ಪದ ಕೊಟ್ಟರೂ ಅದನ್ನು ಕೆಡಿಸುತ್ತಾರೆ.

ಇನ್ನು ಅಕ್ಕಾವರ ಅಮ್ಮನ ಕಿವಿಯ ವಿಷಯ. ಅವರು ಆ ಪದಕ್ಕೆ ಯಾಕೆ ಅಷ್ಟು ಹೆದರಿದರು? ಅದನ್ನು ಯಾರೂ ಸಹಜವಾಗಿ ಆಡದೇ ಇದ್ದದ್ದರಿಂದಲೇ ಅಂತ ನನ್ನ ಅನಿಸಿಕೆ. ಪಾಠಕ್ಕೆ ಬಂದ ಮೊದಲ ದಿನ ಒಬ್ಬ ಹುಡುಗಿ, ಎರಡನೇ ಕ್ಲಾಸಿರಬೇಕು, "ಮೇಷ್ಟ್ರೇ, ನೀವು ಕುರುಡರಾ?" ಅಂತ ಕೇಳಿದಳು. ಅವಳಮ್ಮ ‘ಶ್!’ ಅಂದು ರಪ್ಪಂತ ಒಂದು ಕೊಟ್ಟ ಸದ್ದು ಕೇಳಿಸಿತು. "ಹೌದು ಪುಟ್ಟಿ, ಕುರುಡ" ಅಂದೆ. "ಹಂಗಾದ್ರೆ ಕಪ್ಪು ಮನೆ ಯಾವುದು, ಬಿಳಿ ಮನೆ ಯಾವುದು ಅಂತ ಹೆಂಗೆ ಗೊತ್ತಾಗುತ್ತೆ?" ಅವಳ ಬೆರಳು ಹಿಡಿದು ಹಾರ್ಮೋನಿಯಂ ಮೇಲೆ ಓಡಿಸಿದೆ. ಕಪ್ಪು ಮನೆ ಸ್ವಲ್ಪ ಎತ್ತರ ಇರುತ್ತವಲ್ಲ, ಎರಡು, ಮೂರು, ಎರಡು, ಮೂರು ಅಂತ ಗುಂಪುಗುಂಪಾಗಿ. ಆಮೇಲೆ ಅವಳು ಕಣ್ಣು ಮುಚ್ಚಿಕೊಂಡೇ ಷಡ್ಜ ಹುಡುಕೋ ಆಟ ಶುರುಮಾಡಿದಳು. ತಾಯಿ ಮಾತ್ರ ಗಂಟೆ ಪೂರ್ತಿ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಯಾವ ಪದ ಬಳಸಬೇಕು ಅಂತ ಗೊತ್ತಾಗದೆ ಇರಬಹುದು.

ಹೋದ ವರ್ಷ ಒಂದು ಸವಲತ್ತಿಗೆ ಅರ್ಜಿ ಹಾಕಬೇಕಿತ್ತು. ಅರ್ಜಿ ಫೋನಿಗೇ ಬಂತು, ಪಿಡಿಎಫ್. ಖುಷಿಯಾಗಿ ತೆರೆದೆ. ಅದನ್ನು ಯೂನಿಕೋಡ್ ಅಲ್ಲದ ಹಳೇ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಕಣ್ಣಿದ್ದವರಿಗೆ ಅದು ಕನ್ನಡವಾಗಿಯೇ ಕಾಣುತ್ತೆ, ಫೋನಿಗೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಸ. "ಕ್ಯಾಪಿಟಲ್ ಸಿ, ಡಾಲರ್, ಕ್ಯೂ, ಆವರಣ" ಅಂತ ಒಂದೂವರೆ ನಿಮಿಷ ಒದರಿತು. ಪಕ್ಕದ ಮನೆ ಹುಡುಗನನ್ನು ಕರೆದೆ. ಅವನು ಮೊದಲ ಸಾಲು ಓದಿದ. "ಮಾವ, ಮೇಲೆ ದಪ್ಪಕ್ಷರದಲ್ಲಿ ‘ದೃಷ್ಟಿ ವಿಶೇಷಚೇತನರಿಗಾಗಿ’ ಅಂತ ಇದೆ."

"ಮುಂದೆ ಓದು" ಅಂದೆ.